ಮಳೆಗಾಲದಲ್ಲಿ ಮಲೆನಾಡಿಗೆ ಬರುವವರೇ, ರೂಮಿನ ಬೀಗ ತೆಗೆದ ತಕ್ಷಣ ಹಾಸಿಗೆ ಎತ್ತಿ ನೋಡಿ

ಜೋಗ, ಆಗುಂಬೆ ನೋಡೋಣ ಅಂತ ಪುಷ್ಯ ಮಳೆಯ ಹೊತ್ತಿಗೆ ದಾವಣಗೆರೆಯಿಂದ ಹೊರಟ ಒಂದು ಕುಟುಂಬ ಘಟ್ಟದ ಅಂಚಿನ ಲಾಡ್ಜೊಂದರಲ್ಲಿ ಎರಡು ರಾತ್ರಿ ಉಳಿಯಿತು. ಸೋಂಕಿನ ಹೆದರಿಕೆ ಇದ್ದವರೇ. ಟಿ.ವಿ. ರಿಮೋಟು, ಸ್ವಿಚ್ಚು, ಬಾಗಿಲ ಚಿಲಕ, ಫ್ಲಶ್ ಗುಂಡಿ ಎಲ್ಲಕ್ಕೂ ಸ್ಯಾನಿಟೈಸರ್ ಹಾಕಿ ಒರೆಸಿದರು. ರೂಮು ಫಿನಾಯಿಲ್, ನುಸಿಗುಳಿಗೆ ವಾಸನೆಯಿಂದ ಘಮ್ಮೆನ್ನುತ್ತಿತ್ತು, ಕ್ಲೀನಾಗಿಯೇ ಇದೆ ಅನಿಸಿತು. ಆಮೇಲೆ ಎರಡು ಸೂಟ್‌ಕೇಸನ್ನೂ ಮಂಚದ ಮೇಲಿಟ್ಟು ಬಿಚ್ಚಿದರು. ಎರಡನೇ ಬೆಳಿಗ್ಗೆ ಚಿಕ್ಕ ಹುಡುಗನ ಕುತ್ತಿಗೆಯಲ್ಲಿ ಸಾಲಾಗಿ ಮೂರು ನಾಲ್ಕು ದದ್ದು. ಸೊಳ್ಳೆ ಇರಬೇಕು ಅಂದುಕೊಂಡರು. ಊರಿಗೆ ಮರಳಿ ತಿಂಗಳು ತುಂಬುವಷ್ಟರಲ್ಲಿ ಮನೆಯ ಮಂಚದ ಸಂದಿಯಲ್ಲಿ ತಿಗಣೆ. ಅಂಗಡಿಯ ಸ್ಪ್ರೇ ಹೊಡೆದರೆ ಪಕ್ಕದ ಕೋಣೆಗೂ ಹಬ್ಬಿತು. ಕೊನೆಗೆ ಎರಡು ಹಾಸಿಗೆ ಬಿಸಾಡಿ, ಕೀಟ ನಿಯಂತ್ರಣದವರನ್ನು ಎರಡು ಸಲ ಕರೆಸಬೇಕಾಯಿತು. ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸಿದವರು ಹಾಸಿಗೆಯ ಅಂಚನ್ನು ಮಾತ್ರ ಮುಟ್ಟಿರಲಿಲ್ಲ.

ಮಳೆಗಾಲದ ಮಲೆನಾಡಿನಲ್ಲಿ ರೂಮು ನಡೆಸುವವರ ದೊಡ್ಡ ಕಷ್ಟ ಎಂದರೆ ಏನೂ ಒಣಗದಿರುವುದು. ಜೋಗ ಮೈದುಂಬುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಜನ ಮುಗಿಬೀಳುವುದೂ ಆಗಲೇ, ಬಿಸಿಲು ಮುಖ ತೋರಿಸದ ವಾರಗಳೂ ಅವೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಅದೇ ಕತೆ. ಒಬ್ಬರು ಹನ್ನೊಂದಕ್ಕೆ ರೂಮು ಖಾಲಿ ಮಾಡಿದರೆ ಒಂದು ಗಂಟೆಗೆ ಇನ್ನೊಬ್ಬರು ಹಾಜರು. ಆ ಎರಡು ತಾಸಿನಲ್ಲಿ ಬೆಡ್‌ಶೀಟು, ದಿಂಬಿನ ಚೀಲ ಬದಲಾಗುತ್ತವೆ. ರಗ್ಗು ಬದಲಾಗುವುದಿಲ್ಲ. ದಪ್ಪ ರಗ್ಗು ಒಗೆದರೆ ಜಡಿಮಳೆಯಲ್ಲಿ ವಾರ ಕಳೆದರೂ ಒಳಗಿನ ಹತ್ತಿ ಹಸಿಯಾಗಿಯೇ ಇರುತ್ತದೆ. ಆದ್ದರಿಂದ ಅದನ್ನು ಕೊಡವಿ ಮಡಚಿ ಇಡುತ್ತಾರೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿಯೋ, ಡ್ರೈಯರ್ ಇಟ್ಟು ಕರೆಂಟು ಹೋದಾಗ ಜನರೇಟರ್ ಹಾಕಿಯೋ ಒಣಗಿಸುವ ಶ್ರದ್ಧೆಯ ಹೋಂಸ್ಟೇಗಳು ಇಲ್ಲಿ ಬೇಕಾದಷ್ಟಿವೆ. ಅಂಥವರನ್ನು ಹುಡುಕಲು ಬುಕಿಂಗ್‌ಗೆ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಸಾಕು: "ಮಳೆಗಾಲದಲ್ಲಿ ರಗ್ಗು, ಬೆಡ್‌ಶೀಟು ಹೇಗೆ ಒಣಗಿಸುತ್ತೀರಿ?" ಸರಿಯಾಗಿ ನಡೆಸುವವರು ತಡವರಿಸದೆ ಉತ್ತರ ಕೊಡುತ್ತಾರೆ. "ಎಲ್ಲ ಕ್ಲೀನ್ ಇರುತ್ತೆ ಬನ್ನಿ" ಅನ್ನುವುದನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ.

ರೂಮಿಗೆ ಬಂದ ಮೇಲೆ ಸಾಮಾನು ಒಳಗೆ ತರುವ ಮೊದಲು ಒಬ್ಬರೇ ಹೋಗಿ ನೋಡಿ. ಬ್ಯಾಗುಗಳು ಕಾರಿನಲ್ಲೇ ಇರಲಿ, ಇಲ್ಲವೇ ಬಾತ್‌ರೂಮಿನ ಒಣ ಟೈಲ್ಸ್ ಮೇಲೆ ಇರಲಿ. ಮಂಚ, ಸೋಫಾ, ಕಾರ್ಪೆಟ್ ಮೇಲೆ ಬೇಡ. ತಲೆಯ ಕಡೆಯ ಎರಡು ಮೂಲೆಗಳಲ್ಲಿ ಬೆಡ್‌ಶೀಟು ಎಳೆದು, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು, ಹಾಸಿಗೆಯ ಸುತ್ತ ಹೊಲಿದ ಹುರಿಯಂಥ ಅಂಚನ್ನು ಬೆರಳಿನಿಂದ ಬಿಡಿಸುತ್ತಾ ಹೋಗಿ. ಹಳೆಯ ಎ.ಟಿ.ಎಂ. ಕಾರ್ಡಿನ ಅಂಚನ್ನು ಆ ಸಂದಿಯಲ್ಲಿ ಎಳೆದರೆ ಅಡಗಿದ್ದು ಹೊರಬರುತ್ತದೆ. ನಂತರ ಹಾಸಿಗೆ ಎತ್ತಿ ಪ್ಲೈವುಡ್ ಹಲಗೆಗಳ ಜೋಡಣೆ, ಸ್ಕ್ರೂ ತೂತು, ತಲೆಹಲಗೆಯ ಹಿಂಬದಿ ನೋಡಿ. ಮರದ ಅಟ್ಟ, ಮಣ್ಣಿನ ಗೋಡೆಯ ಹಳೇ ಮನೆಯಾದರೆ ಸಂದಿಗಳು ಇನ್ನೂ ಹೆಚ್ಚು. ಮಂಚದ ಹಿಂದೆ ತೂಗುಹಾಕಿದ ಫೋಟೋದ ಬೆನ್ನನ್ನೂ ಬಿಡಬೇಡಿ.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಚಪ್ಪಟೆ, ಕೆಂಪು ಮಿಶ್ರಿತ ಕಂದು. ಮೊಟ್ಟೆ 1 ಮಿಲಿಮೀಟರ್, ಬಿಳಿ. ಹುಳುವೇ ಕಣ್ಣಿಗೆ ಬೀಳುವುದು ಅಪರೂಪ. ಹುಡುಕಬೇಕಾದ್ದು ಅದರ ಗುರುತು: ಕಳಚಿದ ತೆಳು ಪೊರೆ, ಮತ್ತು ಪೆನ್ನಿನಿಂದ ಚುಕ್ಕಿ ಇಟ್ಟಂತೆ ಅಂಚಿನುದ್ದಕ್ಕೂ ಗುಂಪುಗುಂಪಾಗಿ ಕಾಣುವ ಕಪ್ಪು ಕಲೆ. ಮಲೆನಾಡಿನಲ್ಲಿ ಇದೇ ಕಡೆ ಜನ ಮೋಸ ಹೋಗುತ್ತಾರೆ, ಯಾಕೆಂದರೆ ಬೂಷ್ಟು ಹಿಡಿದ ಬಟ್ಟೆಯಲ್ಲೂ ಕಪ್ಪು ಚುಕ್ಕಿ ಇರುತ್ತದೆ. ಒದ್ದೆ ಹತ್ತಿಯಿಂದ ಒರೆಸಿ ನೋಡಿ. ತಿಗಣೆಯ ಹಿಕ್ಕೆ ಎಂದರೆ ಜೀರ್ಣವಾದ ರಕ್ತ. ನೀರು ತಾಗಿದೊಡನೆ ಕರಗಿ ಕಂದು ಬಣ್ಣದಲ್ಲಿ ಹರಡುತ್ತದೆ. ಬೂಷ್ಟಿನ ಚುಕ್ಕಿ ಹಾಗೆ ಕರಗುವುದಿಲ್ಲ, ಅದು ಅಂಚು ಬಿಟ್ಟು ಬಟ್ಟೆಯ ನಡುವೆಯೂ ಎಲ್ಲೆಂದರಲ್ಲಿ ಇರುತ್ತದೆ, ಮುಗ್ಗಲು ವಾಸನೆಯೂ ಜೊತೆಗಿರುತ್ತದೆ. ಎರಡರಲ್ಲಿ ಯಾವುದಿದ್ದರೂ ಆ ಹಾಸಿಗೆ ಬೇಡ. ಆದರೆ ತಿಗಣೆ ಸಿಕ್ಕರೆ ರೂಮನ್ನೇ ಬದಲಿಸಬೇಕು, ಅದೂ ಪಕ್ಕದ ರೂಮಿಗಾಗಲಿ ನೇರ ಮೇಲಿನ, ಕೆಳಗಿನ ರೂಮಿಗಾಗಲಿ ಅಲ್ಲ. ಗೋಡೆಯ ಬಿರುಕು, ವೈರಿಂಗ್ ಪೈಪಿನ ಮೂಲಕ ಅವು ಅತ್ತಿತ್ತ ಹೋಗುತ್ತವೆ. ಒಂದು ಫೋಟೋ ತೆಗೆದು ಮಾಲೀಕರಿಗೆ ಆಗಲೇ ತೋರಿಸಿ. ಮರುದಿನ ಹೇಳಿದರೆ ನೀವೇ ತಂದದ್ದು ಎಂಬ ಮಾತು ಬರುತ್ತದೆ.

ತಿಗಣೆ ಕಚ್ಚಿದರೆ ರೋಗ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ನವೆ, ನಿದ್ದೆಗೇಡು, ಕೆರೆದು ಹುಣ್ಣಾಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಅದು ಮನೆಗೆ ಬರುವುದು, ಇವೇ ಅದರ ಕಾಟ. ದದ್ದು ಕೆಲವರಿಗೆ ಮರುದಿನವೇ ಏಳುತ್ತದೆ, ಕೆಲವರಿಗೆ ಹಲವು ದಿನ ಬಿಟ್ಟು, ಇನ್ನು ಕೆಲವರಿಗೆ ಏಳುವುದೇ ಇಲ್ಲ. ಹಾಗಾಗಿ ಮೈಯಲ್ಲಿ ಏನೂ ಕಾಣಲಿಲ್ಲ ಎಂದು ನಿಶ್ಚಿಂತರಾಗಬೇಡಿ.

ಸಂಶಯ ಇದ್ದರೆ ಊರಿಗೆ ಬಂದಾಗ ಬ್ಯಾಗನ್ನು ಮಲಗುವ ಕೋಣೆಗೆ ಒಯ್ಯದೆ ಜಗಲಿಯಲ್ಲೇ ಬಿಚ್ಚಿ. ಬಟ್ಟೆಗಳನ್ನು ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ನೇರ ವಾಷಿಂಗ್ ಮೆಷಿನ್‌ಗೆ ಹಾಕಿ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ. ಎರಡೂ ಇಲ್ಲದಿದ್ದರೆ ಹತ್ತಿ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿಡಿ. ಒಗೆಯಲಾಗದ ಸಣ್ಣ ವಸ್ತುಗಳನ್ನು ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಬರೀ ಚೀಲದಲ್ಲಿ ಕಟ್ಟಿ ಒಂದು ವಾರ ಮೂಲೆಗಿಟ್ಟರೆ ಸಾಯುತ್ತವೆ ಎಂಬ ನಂಬಿಕೆ ತಪ್ಪು. ರಕ್ತವಿಲ್ಲದೆ ಅವು ತಿಂಗಳುಗಟ್ಟಲೆ ಬದುಕುತ್ತವೆ. ಸೂಟ್‌ಕೇಸಿನ ಜಿಪ್ಪು, ಚಕ್ರದ ಗೂಡು, ಒಳಅಸ್ತರಿನ ಹೊಲಿಗೆಗೆ ವ್ಯಾಕ್ಯೂಮ್ ಹಿಡಿದು, ಅದರ ಕಸದ ಚೀಲವನ್ನು ಕಟ್ಟಿ ಮನೆಯ ಹೊರಗೆ ಎಸೆಯಿರಿ.

ಅಂಗಡಿಯ ಸ್ಪ್ರೇ ಸೋಲುವುದಕ್ಕೆ ಕಾರಣಗಳಿವೆ. ಅದರಲ್ಲಿರುವ ಪೈರೆಥ್ರಾಯ್ಡ್ ಔಷಧಿಗೆ ಎಷ್ಟೋ ಕಡೆಯ ತಿಗಣೆಗಳು ಒಗ್ಗಿಹೋಗಿವೆ, ಮೊಟ್ಟೆಗೆ ಅದು ನಾಟುವುದಿಲ್ಲ, ವಾಸನೆಗೆ ಉಳಿದವು ದೂರದ ಸಂದಿಗೆ ಸರಿಯುತ್ತವೆ. ಮೊಟ್ಟೆ ಒಡೆಯಲು ಒಂದೆರಡು ವಾರ ಬೇಕಾಗುವುದರಿಂದಲೇ ತಿಳಿದವರು ಸುಮಾರು ಎರಡು ವಾರ ಬಿಟ್ಟು ಮತ್ತೆ ಬರುತ್ತಾರೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ತೋಟಕ್ಕೆ ಹೊಡೆಯುವ ಔಷಧಿಯನ್ನು ಹಾಸಿಗೆಗೆ ಹೊಡೆಯಬೇಡಿ. ಧಾನ್ಯದ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮಲಗುವ ಮನೆಯೊಳಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ಏಳುವ ಫಾಸ್ಫೀನ್ ಅನಿಲ ಮನುಷ್ಯರನ್ನೇ ಕೊಲ್ಲುತ್ತದೆ, ಗೋಡೆಯಾಚೆ ಮಲಗಿದವರನ್ನೂ.

ಮತ್ತೆ ರೂಮಿಗೆ ಬರೋಣ. ತಿಗಣೆ ಇಲ್ಲ ಎಂದಾದರೆ ಮುಂದೆ ನೋಡಬೇಕಾದ್ದು ತೇವ. ಕೈಯಿಂದ ಮುಟ್ಟಿದರೆ ಥಂಡಿಯೋ ಒದ್ದೆಯೋ ಗೊತ್ತಾಗುವುದಿಲ್ಲ. ಒಂದು ಒಣ ಕಾಗದದ ತುಂಡನ್ನು ಬೆಡ್‌ಶೀಟಿನ ಅಡಿಯಲ್ಲಿಟ್ಟು, ಮೇಲೆ ದಿಂಬು ಹೇರಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಗರಿಗರಿ ಹೋಗಿ ಮೆತ್ತಗೆ ಜೋತುಬಿದ್ದರೆ ಹಾಸಿಗೆ ಶೀತ ಎಳೆದಿದೆ. ದಿಂಬಿನ ಚೀಲ ಕಳಚಿ ಒಳಗಿನ ಹೊದಿಕೆ ನೋಡಿ, ಒತ್ತಿ ಮೂಸಿ. ಒಗೆದ ಚೀಲ ಎಷ್ಟು ಬಿಳಿ ಇದ್ದರೂ ಒಳಗಿನಿಂದ ಮುಗ್ಗಲು ವಾಸನೆ ಬಂದರೆ ಬೇರೆ ಕೇಳಿ, ಇಲ್ಲವೇ ಶಾಲು ಮಡಚಿ ತಲೆಗಿಟ್ಟುಕೊಳ್ಳಿ. ಉಬ್ಬಸ, ಅಲರ್ಜಿ ಇರುವವರಿಗೆ ಬೂಷ್ಟು ಹಿಡಿದ ದಿಂಬು ಒಂದೇ ರಾತ್ರಿಯಲ್ಲಿ ಸಾಕುಬೇಕು ಮಾಡುತ್ತದೆ. ನುಸಿಗುಳಿಗೆ, ರೂಮ್ ಫ್ರೆಶ್‌ನರ್ ವಾಸನೆ ಜೋರಾಗಿರುವ ರೂಮಿನಲ್ಲಿ ಬೀರುವಿನ ಹಿಂಗೋಡೆ, ಮಂಚ ತಾಗಿದ ಗೋಡೆಯ ಕೆಳಭಾಗದಲ್ಲಿ ಬೂಷ್ಟು ಇದೆಯೇ ಎಂದು ಖಂಡಿತ ನೋಡಿ.

ರಗ್ಗಿನ ವಿಷಯದಲ್ಲಿ ಪಟ್ಟು ಬಿಡಬೇಡಿ. ತಲೆಗೆ ಒಂದರಂತೆ ನಿಮ್ಮದೇ ಹತ್ತಿ ಬೆಡ್‌ಶೀಟು ತನ್ನಿ, ಅದನ್ನು ಮೈಗೆ ಹೊದ್ದು ರಗ್ಗನ್ನು ಅದರ ಮೇಲೆ ಹಾಕಿ, ಮುಖದ ಕಡೆ ಬೆಡ್‌ಶೀಟನ್ನು ಒಂದು ಮೊಳ ಹೊರಮಡಚಿ. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟರೂ ಬಟ್ಟೆಯಲ್ಲಿ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಹಿಂದಿನ ರಾತ್ರಿ ಆ ರಗ್ಗು ಹೊದ್ದವರು ಯಾರೋ ನಿಮಗೆ ಗೊತ್ತಿಲ್ಲ.

ಬಾತ್‌ರೂಮಿನ ಕೊಳಕು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಬಗ್ಗೆ ಹೆಚ್ಚು ಬೇಕಿಲ್ಲ. ಒಂದು ಸಂಗತಿ ಮಾತ್ರ ಹೇಳಬೇಕು: ವಾಂತಿಭೇದಿ ತರುವ ನೊರೋವೈರಸ್‌ನಂಥವಕ್ಕೆ ಆಲ್ಕೋಹಾಲ್ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ಕೈಗೆ ಸೋಪು, ನೀರು, 20 ಸೆಕೆಂಡ್ ಉಜ್ಜುವುದು. ನಲ್ಲಿ, ಫ್ಲಶ್, ಚಿಲಕಕ್ಕೆ ಬ್ಲೀಚ್. ಶೇ. 5ರ ಬ್ಲೀಚ್ ದ್ರಾವಣವನ್ನು ಕಾಲು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಬೆರೆಸಿದರೆ ಸಾಕು. ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಆಮೇಲೆ ಒರೆಸಿ. ಹಚ್ಚಿದ ಕೂಡಲೇ ಒರೆಸಿದರೆ ಶ್ರಮ ದಂಡ. ದಿನಾ ಹೊಸದಾಗಿ ಬೆರೆಸಿಕೊಳ್ಳಿ. ಲಾಡ್ಜಿನವರು ಆಗಷ್ಟೇ ಆ್ಯಸಿಡ್ ಹಾಕಿ ತೊಳೆದ ಕಮೋಡು, ನೆಲಕ್ಕೆ ಬ್ಲೀಚ್ ಸುರಿಯಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ರೂಮಿನ ಗಾಜಿನ ಲೋಟಗಳನ್ನು ಯಾವ ಬಟ್ಟೆಯಲ್ಲಿ ಒರೆಸಿರುತ್ತಾರೋ ಹೇಳಲಾಗದು, ನೀವೇ ಸೋಪಿನಲ್ಲಿ ತೊಳೆದು ಕೆಟಲಿನ ಕುದಿನೀರು ಸುರಿಯಿರಿ.

ಕ್ರಿಮಿಯ ಚಿಂತೆಯಲ್ಲಿ ಮರೆಯಬಾರದ ಇನ್ನೊಂದು ಅಪಾಯ ಅದೇ ಬಾತ್‌ರೂಮಿನಲ್ಲಿದೆ. ಗ್ಯಾಸ್ ಗೀಸರ್ ಒಳಗೇ ಇದ್ದು, ಚಳಿಗೆಂದು ಕಿಟಕಿ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಬಂದು ಕೂಗುವ ಮೊದಲೇ ಮನುಷ್ಯ ಕುಸಿಯುತ್ತಾನೆ. ಬಾಗಿಲು, ಕಿಟಕಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಹೋಗಬೇಡಿ, ನಡುವೆ ಗಾಳಿಯಾಡಲಿ.

ಕುಡಿಯುವ ನೀರು ಬಾವಿಯದೋ ಗುಡ್ಡದಿಂದ ಪೈಪಿನಲ್ಲಿ ಇಳಿದದ್ದೋ ಆಗಿದ್ದರೆ ಮಳೆಗಾಲದಲ್ಲಿ ಕಲಕಿರುತ್ತದೆ. ಕಲಕಿದ ನೀರಿನಲ್ಲಿ ಯು.ವಿ. ಫಿಲ್ಟರಿನ ಬೆಳಕು ಆಳಕ್ಕೆ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದ ನೀರು ಕೇಳಿ ಪಡೆಯಿರಿ. ಮಲೆನಾಡಿನ ಮನೆಗಳಲ್ಲಿ ಬಿಸಿನೀರು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಚಾರಣ ಮುಗಿಸಿ ರೂಮಿಗೆ ಬರುವವರಿಗೆ ಬೇರೆಯೇ ಎಚ್ಚರ ಬೇಕು. ಇಂಬಳ ಕಚ್ಚಿದ ಗಾಯ ಬಿಟ್ಟುಕೊಂಡು ಬರಿಗಾಲಲ್ಲಿ ಕೆಸರು, ನಿಂತ ನೀರು ತುಳಿದರೆ ಇಲಿಜ್ವರದ ಸೋಂಕು ಆ ಗಾಯದಿಂದಲೇ ಒಳಸೇರಬಹುದು. ಬೇಸಿಗೆಯ ಕಡೆಗೆ, ಡಿಸೆಂಬರ್‌ನಿಂದ ಮೇವರೆಗೆ, ಭಯ ಉಣುಗಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅದರ ಮರಿ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣದು. ಕಾಡಿನಲ್ಲಿ ತೊಟ್ಟ ಬಟ್ಟೆಯಲ್ಲೇ ಮಂಚದ ಮೇಲೆ ಉರುಳಬೇಡಿ. ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮಂಗನ ಕಾಯಿಲೆಯ ಜ್ವರ ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಬರುತ್ತದೆ, ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದಲ್ಲಿ. ಅಷ್ಟರಲ್ಲಿ ನೀವು ನಿಮ್ಮ ಊರು ಸೇರಿರುತ್ತೀರಿ, ಅಲ್ಲಿನ ಡಾಕ್ಟರಿಗೆ ಈ ಎರಡು ಜ್ವರ ಮೊದಲು ಹೊಳೆಯದೆ ಇರಬಹುದು. ಜ್ವರ, ಮೈಕೈ ನೋವು ಕಂಡರೆ ಮಾತ್ರೆ ನುಂಗಿ ಕಾಯಬೇಡಿ. ಮಲೆನಾಡಿಗೆ ಹೋಗಿದ್ದು ಯಾವ ತಾರೀಕಿಗೆ, ಕಾಡಿನಲ್ಲಿ ಓಡಾಡಿದ್ದೋ ಕೆಸರು ತುಳಿದದ್ದೋ ಎಂಬುದನ್ನು ಮೊದಲ ಭೇಟಿಯಲ್ಲೇ ನೀವಾಗಿ ಹೇಳಿ.