11 ಇಂಚಿನ ಮಳೆಮಾಪಕ: ಗುಡ್ಡದ ಮೇಲಿನ ಮನೆಗೆ ಬೇಕೇ?

ಕೊಡಗಿನಲ್ಲಿ ತೋಟ ಇರುವವರ ಮನೆಯಲ್ಲಿ ಮಳೆ ಡೈರಿ ಇಲ್ಲದಿರುವುದು ಅಪರೂಪ. ಲೆಕ್ಕವೆಲ್ಲ ಇಂಚು–ಸೆಂಟಿನಲ್ಲೇ, ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದಾದ ಮೇಲಿನ ‘ಬ್ಯಾಕಿಂಗ್’ ಮಳೆ ಎಷ್ಟಾಯಿತು ಎಂದು ನೋಡಲು ಐದು ಇಂಚಿನ ಪ್ಲಾಸ್ಟಿಕ್ ಕೊಳವೆ ಧಾರಾಳ. ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯಲ್ಲಿ, ಅದು ಸಾಲುವುದಿಲ್ಲ. ಒಂದು ದಿನದಲ್ಲಿ 204.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ, ಅಂದರೆ ಎಂಟು ಇಂಚು. ನಮ್ಮ ಹಳೇ ಕೊಳವೆ ಅಷ್ಟರೊಳಗೆ ತುಂಬಿ ಚೆಲ್ಲಿ, ಬೆಳಿಗ್ಗೆ ಏನೂ ಆಗದವರಂತೆ ‘ಐದು’ ಎಂದು ನಿಂತಿರುತ್ತದೆ. ಬಿದ್ದದ್ದು ಐದೋ ಒಂಬತ್ತೋ?

ಅದಕ್ಕೇ ಆನ್‌ಲೈನ್‌ನಲ್ಲಿ ಈ 11 ಇಂಚಿನ ಮಾಪಕ ತರಿಸಿದೆ. ಒಳಗೊಂದು ಸಣ್ಣ ಕೊಳವೆ, ಅದಕ್ಕೆ ಒಂದು ಇಂಚು ಹಿಡಿಯುತ್ತದೆ. ತುಂಬಿದರೆ ಉಳಿದದ್ದು ಹೊರಗಿನ ದೊಡ್ಡ ಕೊಳವೆಗೆ ಇಳಿಯುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದನ್ನು ಒಳಗಿನ ಸಣ್ಣ ಕೊಳವೆಗೇ ಸುರಿದು ಸುರಿದು ಅಳೆದು ಕೂಡಿಸಬೇಕು. ಕೊಡೆ ಹಿಡಿದುಕೊಂಡು ಮಾಡುವ ಕೆಲಸವಲ್ಲ, ಜಗುಲಿಗೆ ತನ್ನಿ. ಗೀಟುಗಳು ಸೆಂಟಿನ ಲೆಕ್ಕಕ್ಕೆ ಸರಿಯಾಗಿ ಸ್ಪಷ್ಟವಾಗಿವೆ, ಕನ್ನಡಕ ಬೇಕಾಗಲಿಲ್ಲ.

ಕಂಬಕ್ಕೆ ಬಿಗಿಯುವ ಬ್ರಾಕೆಟ್ ಮಾತ್ರ ದಂಡ. ಜೊತೆಗೆ ಬಂದ ಸ್ಕ್ರೂಗಳು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದವು, ಸ್ಟೀಲಿನವು ಹಾಕಿಸಿ. ಸಿಲ್ವರ್ ಓಕಿನ ಎಲೆ ಆಲಿಕೆಯ ಬಾಯಿಗೆ ಕೂರುತ್ತದೆ, ಬೇಸಿಗೆಯಲ್ಲಿ ಇರುವೆ ಗೂಡು. ಮರದಿಂದ ದೂರ, ಬಯಲಲ್ಲಿ ಇಡಿ ಎಂದು ಕಾಗದದಲ್ಲಿ ಬರೆದಿದ್ದಾರೆ. ತೋಟದಲ್ಲಿ ಬಯಲು ಎಲ್ಲಿಂದ ತರುವುದು? ಕಾಫಿ ಒಣಗಿಸುವ ಕಣದ ಅಂಚೇ ಗತಿ.

ಇಷ್ಟು ದುಡ್ಡು ಯಾಕೆ ಹಾಕಿದೆ ಎಂದರೆ, ಗುಡ್ಡ ಒಂದೇ ರಾತ್ರಿಯ ಮಳೆಗೆ ಜರಿಯುವುದು ಕಡಿಮೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಕಡೆ ಇಳಿದು ಬಂದ ಮಣ್ಣು ಜೂನ್‌ನಿಂದಲೇ ನೆಂದಿತ್ತು. ಕೆಳಗೆ ಬಂಡೆ, ಮೇಲೆ ದಪ್ಪ ಮಣ್ಣು. ನಡುವೆ ನೀರು ನಿಂತು ಒತ್ತಡ ಏರಿದಂತೆ ಮಣ್ಣಿನ ಹಿಡಿತ ಸಡಿಲುತ್ತದೆ. ರಸ್ತೆಗೋ ಮನೆಗೋ ಹೋಂಸ್ಟೇಗೋ ಇಳಿಜಾರನ್ನು ನೆಟ್ಟಗೆ ಕಡಿದು ಬರೆ ಮಾಡಿದಲ್ಲಿ ಆ ಮಣ್ಣಿಗೆ ಬುಡದಲ್ಲಿ ಆಸರೆಯೂ ಇರುವುದಿಲ್ಲ. 2019ರಲ್ಲಿ ತೋರ ಎಂಬ ಊರಿನಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಮಣ್ಣು ಜರಿದದ್ದು, ಎರಡೂ ಆಗಸ್ಟ್‌ನಲ್ಲೇ. ಆದ್ದರಿಂದ ನನ್ನ ಡೈರಿಯಲ್ಲಿ ಈಗ ದಿನದ ಮಳೆಯ ಪಕ್ಕದಲ್ಲೇ ಆ ವಾರದ್ದು, ಆ ತಿಂಗಳದ್ದು ಕೂಡಿಸಿ ಬರೆಯುವ ಕಾಲಂಗಳಿವೆ. ಇದೇ ಈ ಮಾಪಕದ ನಿಜವಾದ ಉಪಯೋಗ.

ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಒಂದೇ. ಪಂಚಾಯಿತಿಗಳಲ್ಲಿ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಒಳ್ಳೆಯದೇ. ಆದರೆ ಗುಡ್ಡದ ಒಂದು ಏಣು ದಾಟಿದರೆ ಮಳೆಯೇ ಬೇರೆ. ಆಚೆ ಕಣಿವೆಯ ನೆಂಟರೊಂದಿಗೆ ಫೋನಲ್ಲಿ ಲೆಕ್ಕ ಹೋಲಿಸಿದಾಗ ಇಬ್ಬರದೂ ಕೂಡಿಬಂದದ್ದು ನೆನಪಿಲ್ಲ.

ಮಾಪಕಕ್ಕೆ ಕಾಣದ ಸಂಗತಿಗಳೂ ಇವೆ. ಅಂಗಳದ ಬಿರುಕು, ವಾಲಿದ ಮರ, ಬರೆಯ ಬುಡದಲ್ಲಿ ಹೊಸದಾಗಿ ಎದ್ದ ಒರತೆ, ತಿಳಿಯಾಗಿದ್ದ ತೋಡು ಕೆಂಪಗಾಗುವುದು, ಇಲ್ಲವೇ ಮಳೆ ಹೊಯ್ಯುತ್ತಿರುವಾಗಲೇ ನೀರು ಕಡಿಮೆಯಾಗುವುದು. ಇವು ಕಂಡರೆ ಸೆಂಟು ಲೆಕ್ಕ ಹಾಕುತ್ತ ಕೂರಬೇಡಿ, ಮನೆ ಬಿಡಿ.

ಐದಕ್ಕೆ ನಾಲ್ಕು ನಕ್ಷತ್ರ. ಬರೀ ಹೂಮಳೆ ನೋಡುವವರಿಗೆ ಹಳೇ ಕೊಳವೆಯೇ ಸಾಕು, ದುಡ್ಡು ಉಳಿಸಿ. ಮನೆಯ ಹಿಂದೆ ಬರೆ ಇದ್ದವರು ತರಿಸಿ, ಸ್ಕ್ರೂ ಬೇರೆ ಕೊಳ್ಳಿ.