ನಿಂತರೆ ಇಳಿಯುವ ಬಿಪಿ: ಫ್ಲೂಡ್ರೊಕಾರ್ಟಿಸೋನ್, ಮಿಡೊಡ್ರಿನ್ ಎರಡನ್ನೂ ಕೊಟ್ಟು ನೋಡಿದ ಮೇಲೆ

ಈ ಎರಡು ಮಾತ್ರೆಗಳಲ್ಲಿ ನನ್ನ ಮತ ಮಿಡೊಡ್ರಿನ್‌ಗೆ. ಯಾಕೆ ಅಂತ ಹೇಳುತ್ತೇನೆ.

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಕಕ್ಕಿಂತ ನಮ್ಮನ್ನು ಜಾಸ್ತಿ ಹೆದರಿಸಿದ್ದು ಅವರು ಎದ್ದು ನಿಂತಾಗ ಇಳಿಯುವ ಬಿಪಿ. ಮಲಗಿದ್ದಾಗ 150 ಇದ್ದ ಮೇಲಿನ ಅಂಕಿ ನಿಂತರೆ 95ಕ್ಕೆ ಬರುತ್ತಿತ್ತು. ನಿಂತ 3 ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೂ ಸಾಕು, ತೊಂದರೆ ಇದೆ ಅಂತಲೇ ಲೆಕ್ಕ. ರಕ್ತನಾಳಗಳನ್ನು ಬಿಗಿ ಹಿಡಿಯಬೇಕಾದ ನರಗಳೇ ಸೋತಿರುತ್ತವೆ. ರಕ್ತ ಕಾಲಿಗೆ, ಹೊಟ್ಟೆಗೆ ಇಳಿದು ತಲೆಗೆ ಸಾಲುವುದಿಲ್ಲ. ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

ಡಾಕ್ಟರ್ ಮೊದಲು ಬರೆದದ್ದು ಫ್ಲೂಡ್ರೊಕಾರ್ಟಿಸೋನ್. ಬೆಳಗ್ಗೆ 0.1 ಮಿಲಿಗ್ರಾಂನ ಒಂದೇ ಮಾತ್ರೆ, ಬೆಲೆಯೂ ಹಗುರ. ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವ ಹಾಗೆ ಇದು ಮಾಡುತ್ತದೆ. ಗುಣ ಕಾಣಲು ಒಂದೆರಡು ವಾರ ಕಾಯಬೇಕು. ಕಾದೆವು, ಕಂಡಿತು ಕೂಡ. ಆದರೆ ಪಾದ ಊದಿ ಚಪ್ಪಲಿ ಹಿಡಿಸದಂತಾಯಿತು. ಪೊಟ್ಯಾಷಿಯಂ ಇಳಿಯಿತು, ಅದಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ರಾತ್ರಿಯ ಬಿಪಿ. ಈ ಮಾತ್ರೆಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಮಲಗಿದ ಮೇಲೆ ನೋಡಿದರೆ 180 ದಾಟಿರುತ್ತಿತ್ತು. ಹಗಲು ಬೀಳುವ ಭಯ ಹೋಗಿ ರಾತ್ರಿ ಲಕ್ವದ ಭಯ ಬಂತು.

ಮಿಡೊಡ್ರಿನ್ ದಾರಿ ಬೇರೆ. ಇದು ರಕ್ತನಾಳಗಳನ್ನೇ ಬಿಗಿ ಮಾಡುತ್ತದೆ. ನುಂಗಿದ ಒಂದು ಗಂಟೆಯೊಳಗೆ ಅಪ್ಪ ಗೋಡೆ ಹಿಡಿಯದೆ ಅಂಗಳಕ್ಕೆ ಹೋಗುತ್ತಾರೆ. ಮಾತ್ರೆಯ ಪರಿಣಾಮ ಎರಡರಿಂದ ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ಹಾಗಾಗಿ ದಿನಕ್ಕೆ 3 ಸಲ. 2.5 ಮಿಲಿಗ್ರಾಂನಿಂದ ಶುರು ಮಾಡಿ, ಡಾಕ್ಟರೇ ನೋಡಿಕೊಂಡು ಏರಿಸಿದರು. ಬೇಗ ಇಳಿಯುವುದು ಕೊರತೆ ಅನ್ನಿಸಬಹುದು. ನನಗೆ ಅದೇ ದೊಡ್ಡ ಗುಣ. ನಡೆದಾಡುವ ಹೊತ್ತಿಗೆ ಬೇಕು, ಮಲಗುವ ಹೊತ್ತಿಗೆ ಬೇಡ, ಅಲ್ವಾ?

ನೆತ್ತಿ ತುರಿಸುತ್ತದೆ, ಮೈ ಜುಮ್ಮೆನ್ನುತ್ತದೆ. ಅಪ್ಪ ಅದಕ್ಕೆ ಒಗ್ಗಿಕೊಂಡರು.

ನಿಜವಾದ ತೊಡಕು ಮಧ್ಯಾಹ್ನದ ನಿದ್ದೆ. ಮಿಡೊಡ್ರಿನ್ ನುಂಗಿ 4 ಗಂಟೆ ಚಪ್ಪಟೆಯಾಗಿ ಮಲಗಬಾರದು, ಮಲಗಿದರೆ ಬಿಪಿ ಏರುತ್ತದೆ. ಅಪ್ಪನಿಗೋ ಊಟವಾದ ಮೇಲೆ ಒಂದು ಜೊಂಪು ಆಗಲೇಬೇಕು, ಅದು ಅವರ ಜೀವಮಾನದ ಅಭ್ಯಾಸ. ಮಾತ್ರೆಯನ್ನು ನಿದ್ದೆಯ ನಂತರಕ್ಕೆ ತಳ್ಳೋಣ ಎಂದರೆ ಅದೂ ಆಗದು. ಹೊಟ್ಟೆ ತುಂಬ ಅನ್ನ ಉಂಡಾಗ ರಕ್ತ ಕರುಳಿನ ಕಡೆ ಹೋಗಿ ಬಿಪಿ ಇನ್ನೂ ಇಳಿಯುತ್ತದೆ. ಕೈ ತೊಳೆಯಲು ಎದ್ದಾಗಲೇ ಅವರು ಜಾಸ್ತಿ ತೂರಾಡುತ್ತಿದ್ದದ್ದು. ಅಂದರೆ ಮಾತ್ರೆ ಬೇಕಾದ ಹೊತ್ತು, ಮಲಗಬೇಕೆನಿಸುವ ಹೊತ್ತು ಎರಡೂ ಒಂದೇ.

ಮಂಚದ ಮೇಲೆ ದಿಂಬು ಪೇರಿಸಿ ನೋಡಿದೆವು. ಅರ್ಧ ಗಂಟೆಯಲ್ಲಿ ಜಾರಿ ಕೆಳಗೆ ಬಂದು ಚಪ್ಪಟೆ ಮಲಗಿರುತ್ತಿದ್ದರು. ಕೊನೆಗೆ ಕೈಹಿಡಿದದ್ದು ಅಜ್ಜನ ಕಾಲದ ಬಟ್ಟೆಯ ಆರಾಮ ಕುರ್ಚಿ. ಅದರಲ್ಲಿ ಜಾರುವುದಿಲ್ಲ, ತಲೆ ಮೇಲೇ ಇರುತ್ತದೆ. ಅಮ್ಮ ಮಧ್ಯಾಹ್ನದ ಅನ್ನ ಕಡಿಮೆ ಮಾಡಿ ಸಂಜೆಗೆ ಉಪ್ಪಿಟ್ಟೋ ಅವಲಕ್ಕಿಯೋ ಕೊಡುತ್ತಾರೆ. ಕೊನೆಯ ಮಾತ್ರೆ ನಾಲ್ಕು ಗಂಟೆಗೆ, ಮಲಗುವುದು ಒಂಬತ್ತಕ್ಕೆ. ರಾತ್ರಿಯ ಮಂಚಕ್ಕೆ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದೇವೆ. ಈ ಏರ್ಪಾಡು ಕೂಡಿಬರುವಷ್ಟರಲ್ಲಿ ಅಮ್ಮ, ನಾನು ಇಬ್ಬರೂ ಸುಸ್ತಾಗಿದ್ದೆವು.

ಪಿರಿಡೊಸ್ಟಿಗ್ಮಿನ್ ಎಂಬ ಇನ್ನೊಂದು ಮಾತ್ರೆ ಕೂಡ ಸ್ವಲ್ಪ ಕಾಲ ನಡೆಯಿತು. ಮಲಗಿದಾಗಿನ ಬಿಪಿಯನ್ನು ಅಷ್ಟಾಗಿ ಏರಿಸುವುದಿಲ್ಲ, ಆದರೆ ಅಪ್ಪನಿಗೆ ಹೊಟ್ಟೆ ಕೆಟ್ಟಿತು. 1989ರಲ್ಲಿ ಜಪಾನಿನಲ್ಲಿ, 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡ್ರಾಕ್ಸಿಡೋಪಾ ಎಂಬ ಔಷಧಿಯನ್ನು ನಮಗೆ ಬರೆದುಕೊಡಲಿಲ್ಲ.

ಇನ್ನು ಉಪ್ಪು. ಬಿಪಿ ಅಂದ ಕೂಡಲೇ ನೆಂಟರೆಲ್ಲ ಉಪ್ಪು ಬಿಡಿ ಅನ್ನುತ್ತಾರೆ. ಇಲ್ಲಿ ಡಾಕ್ಟರ್ ಹೇಳುವುದು ತದ್ವಿರುದ್ಧ. ಬೆಳಗ್ಗೆ ಏಳುವ ಮುಂಚೆ ಅರ್ಧ ಲೀಟರ್ ನೀರನ್ನು ಬೇಗ ಕುಡಿಸಿದರೆ ಒಂದು ಗಂಟೆ ಮಟ್ಟಿಗೆ ಚೆನ್ನಾಗಿ ನಿಲ್ಲುತ್ತಾರೆ. ಇದಕ್ಕೆ ಖರ್ಚೇ ಇಲ್ಲ.

ಮಿಡೊಡ್ರಿನ್ ತಿಂಗಳ ಖರ್ಚು ನಮಗೆ ಜಾಸ್ತಿ. ನಮ್ಮೂರಿನ ಮೆಡಿಕಲ್ ಶಾಪ್‌ನಲ್ಲಿ ಮುಂಚೆಯೇ ಹೇಳಿಟ್ಟು ತರಿಸಬೇಕು. ಆದರೂ ಅದನ್ನೇ ಇಟ್ಟುಕೊಂಡಿದ್ದೇವೆ, ಏಕೆಂದರೆ ಹೊತ್ತು ನೋಡಿ ಕೊಡಲು ಮನೆಯಲ್ಲಿ ಅಮ್ಮ ಇದ್ದಾರೆ. ಒಬ್ಬರೇ ಇರುವವರು, ಮಾತ್ರೆ ಮರೆಯುವವರು ಆದರೆ ಬೆಳಗಿನ ಒಂದೇ ಮಾತ್ರೆಯ ಫ್ಲೂಡ್ರೊಕಾರ್ಟಿಸೋನ್ ಬಗ್ಗೆ ಡಾಕ್ಟರನ್ನು ಕೇಳಿ. ಹಾರ್ಟ್ ಫೇಲ್ಯೂರ್ ಇದ್ದರೆ ಅದು ಅಪಾಯ. ಪ್ರಾಸ್ಟೇಟ್ ತೊಂದರೆ ಇದ್ದರೆ ಮಿಡೊಡ್ರಿನ್ ಮೂತ್ರ ಕಟ್ಟಿಸಬಹುದು. ಟ್ಯಾಮ್ಸುಲೋಸಿನ್‌ನಂಥ ಪ್ರಾಸ್ಟೇಟ್ ಮಾತ್ರೆಗಳೂ ಬಿಪಿ ಇಳಿಸುತ್ತವೆ. ಆದ್ದರಿಂದ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಜೊತೆಗೆ ಮಲಗಿದಾಗಿನ ಬಿಪಿ, ನಿಂತಾಗಿನ ಬಿಪಿ ಎರಡನ್ನೂ ಬರೆದುಕೊಂಡು ಹೋಗಿ.