ದಶಮಾಂಶ ಕಲಿಸ್ಲಿಕ್ಕೆ ತಗೊಂಡ ಬ್ಲಾಕ್ ಸೆಟ್
ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯಲ್ಲಿ 5ನೇ ಕ್ಲಾಸಿಗೆ ಲೆಕ್ಕ ಹೇಳಿಕೊಡ್ತೇನೆ, ಈ ಪ್ಲಾಸ್ಟಿಕ್ ಬ್ಲಾಕ್ ಸೆಟ್ ಆನ್‌ಲೈನಲ್ಲಿ ತರಿಸಿ ಒಂದು ತಿಂಗಳಾಯ್ತು, ತುಂಬಾ ಉಪಕಾರ ಆಗಿದೆ. 0.35 ದೊಡ್ಡದಾ 0.4 ದೊಡ್ಡದಾ ಕೇಳಿದ್ರೆ ಸುಮಾರು ಮಕ್ಕಳು 0.35 ಅಂತಲೇ ಹೇಳ್ತಿದ್ರು, 4ಕ್ಕಿಂತ 35 ದೊಡ್ಡದಲ್ವಾ ಟೀಚರ್ ಅಂತ. ಬೋರ್ಡಲ್ಲಿ ಎಷ್ಟು ಬರೆದ್ರೂ ತಲೆಗೆ ಹೋಗ್ತಿರ್ಲಿಲ್ಲ. ಈ ಸೆಟ್ಟಲ್ಲಿ ಸಣ್ಣ ಬಿಡಿ ತುಂಡು, 10 ಬಿಡಿ ಸೇರಿದಷ್ಟು ಉದ್ದದ ಕಡ್ಡಿ, 100 ಬಿಡಿ ಸೇರಿದಷ್ಟು ಚಪ್ಪಟೆ ಹಲಗೆ ಉಂಟು. ಈಗ ಆ ನೂರರ ಹಲಗೆಯನ್ನೇ 1 ಅಂತ ಇಟ್ಕೊಂಡೆ, ಆಗ ಉದ್ದದ ಕಡ್ಡಿ 0.1, ಸಣ್ಣ ಬಿಡಿ 0.01 ಆಗ್ತದೆ, ಒಂದು ಕಡೆ 4 ಕಡ್ಡಿ, ಇನ್ನೊಂದು ಕಡೆ 3 ಕಡ್ಡಿ 5 ಬಿಡಿ ಇಟ್ಟದ್ದೇ ಹಿಂದಿನ ಬೆಂಚಿನ ಹುಡುಗ "4 ಕಡ್ಡಿಯೇ ಜಾಸ್ತಿ ಉಂಟು ಟೀಚರ್" ಅಂದ, ನಂಗೆ ಖುಷಿ ತಡೆಯಲಿಕ್ಕಾಗ್ಲಿಲ್ಲ. 2 ರೂಪಾಯಿ 5 ಪೈಸೆ ಅಂದ್ರೆ 2.5 ಅಲ್ಲ 2.05 ಅಂತಲೂ ಈಗ ಅವರೇ ಹೇಳ್ತಾರೆ.

ಒಂದು ವಿಷಯ, ಮೊದಲು ಬಿಡಿಯನ್ನೇ 1 ಅಂತ ಕಲಿಸಿದ್ರೆ ಅದು ಹೇಗೆ 0.01 ಆಯ್ತು ಅಂತ ಗಲಿಬಿಲಿ ಆಗ್ತದೆ, ಅದನ್ನು ಬಿಡಿಸಿ ಹೇಳ್ಲೇಬೇಕು. ಕೈಪಿಡಿ ಇಂಗ್ಲಿಷಲ್ಲಿ ಮಾತ್ರ ಇದೆ, ಕನ್ನಡದಲ್ಲೂ ಕೊಡ್ಬೇಕಿತ್ತು. ದೊಡ್ಡ ಕ್ಲಾಸಿಗೆ ಒಂದು ಸೆಟ್ ಸಾಲುವುದಿಲ್ಲ, ಉಳಿದವರಿಗೆ ಗ್ರಾಫ್ ಪೇಪರಲ್ಲಿ 10 ಸಾಲು 10 ಕಂಬದ ಚೌಕ ಕತ್ತರಿಸಿ ಕೊಟ್ಟೆ, ಅದೂ ಚೆನ್ನಾಗಿ ಕೆಲಸ ಮಾಡ್ತದೆ.